ಪೊರೆಯುವ ಪೊರೆ: ಕೃತಕ ಮೂತ್ರಪಿಂಡದ ವೃತ್ತಾಂತ



ವಿಜ್ಞಾನದ ಉಪನ್ಯಾಸವನ್ನು ವ್ಯಾಕರಣದಿಂದ ಆರಂಭಿಸಲು ತಮ್ಮ ಅನುಮತಿ ಬೇಡುತ್ತೇನೆ. ನಮ್ಮ ಭಾಷೆಯಲ್ಲಿ ‘ಪೊರೆ’ ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಹಾವು ಕಳಚುವುದು ಪೊರೆ. ಅಜ್ಜಿಯ ಕಣ್ಣಿಗೆ ಬರುವುದೂ ಪೊರೆ. ದೇವರಲ್ಲಿ ಮೊರೆಯಿಡುವಾಗ ಅದೇ ಶಬ್ದ ‘ಕಾಪಾಡು’ ಎಂಬ ಅರ್ಥವನ್ನು ತಾಳುತ್ತದೆ. ಇವೆರಡರ ಮೂಲ ಒಂದೇ ಎಂದು ನಾನು ವಾದಿಸುವುದಿಲ್ಲ. ಆ ಕೆಲಸ ನಿಘಂಟುಕಾರರಿಗಿರಲಿ. ಮನುಷ್ಯನು ಕೈಯಾರೆ ತಯಾರಿಸಿದ ಪೊರೆಯೊಂದು ಪ್ರಾಣವನ್ನು ಪೊರೆದ ವೃತ್ತಾಂತವೇ ಇಂದಿನ ನನ್ನ ವಿಷಯ.

ಇದರ ಹಿಂದಿರುವ ತತ್ತ್ವ ಸರಳವಾದುದು. ಜರಡಿಯಲ್ಲಿ ಹಿಟ್ಟು ಇಳಿದು ತೌಡು ಉಳಿಯುವಂತೆ, ಅತಿಸೂಕ್ಷ್ಮ ರಂಧ್ರಗಳಿರುವ ಪೊರೆಯು ಚಿಕ್ಕ ಅಣುಗಳಿಗೆ ದಾರಿ ಕೊಟ್ಟು ದೊಡ್ಡವನ್ನು ತಡೆಯುತ್ತದೆ. ಗ್ಲಾಸ್ಗೋದಲ್ಲಿ ಜನಿಸಿದ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1861ರಲ್ಲಿ ಈ ಕ್ರಿಯೆಗೆ ‘ಡಯಾಲಿಸಿಸ್’ ಎಂದು ಹೆಸರಿಟ್ಟರು. ಸಂಸ್ಕರಿಸಿದ ಕಾಗದವನ್ನು ಬಳೆಯೊಂದಕ್ಕೆ ಬಿಗಿದು, ನೀರಿನ ಮೇಲೆ ತೇಲಿಬಿಟ್ಟು, ಮೂತ್ರದಿಂದ ಯೂರಿಯಾ ಬೇರ್ಪಡುವುದನ್ನೂ ಅವರು ತೋರಿಸಿಕೊಟ್ಟರು. ಮೂತ್ರಪಿಂಡ ಕೆಟ್ಟಾಗ ರಕ್ತದಲ್ಲಿ ಸಂಚಯವಾಗುವುದೂ ಇದೇ ಯೂರಿಯಾ. ಆದರೂ ಗ್ರಹಾಂ ಅವರ ಕಾಗದದಿಂದ ರೋಗಿಯ ಹಾಸಿಗೆಯವರೆಗೆ ಬರಲು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಅಡ್ಡಿಗಳು ಎರಡಿದ್ದವು. ರಕ್ತವು ದೇಹದಿಂದ ಹೊರಬಂದೊಡನೆ ಹೆಪ್ಪುಗಟ್ಟುತ್ತದೆ; ಅಂದು ದೊರೆಯುತ್ತಿದ್ದ ಪೊರೆಗಳೋ ಮುಟ್ಟಿದರೆ ಹರಿಯುವಂಥವು. 1913ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ಏಬಲ್ ಮತ್ತು ಸಂಗಡಿಗರು ಕೊಲೋಡಿಯನ್ ಎಂಬ ವಸ್ತುವಿನ ನಳಿಕೆಗಳಲ್ಲಿ ನಾಯಿಯ ರಕ್ತವನ್ನು ಹರಿಸಿದರು. ಹೆಪ್ಪುಗಟ್ಟದಂತೆ ತಡೆಯಲು ಜಿಗಣೆಗಳ ತಲೆಯಿಂದ ತೆಗೆದ ಸತ್ತ್ವವನ್ನು ಬೆರೆಸಬೇಕಾಗಿತ್ತು! ಮಹಾಯುದ್ಧ ಆರಂಭವಾದ ಮೇಲೆ ಯೂರೋಪಿನಿಂದ ಜಿಗಣೆಗಳ ಸರಬರಾಜು ನಿಂತುಹೋಯಿತು. 1924ರಲ್ಲಿ ಜರ್ಮನಿಯ ಗೀಸೆನ್ ನಗರದಲ್ಲಿ ಗಿಯೋರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಪ್ರಯೋಗ ನಡೆಸಿದರು. ರೋಗ ಗುಣವಾಗುವಷ್ಟು ಫಲ ದೊರೆಯಲಿಲ್ಲ.

ಈ ಅಡ್ಡಿಗಳನ್ನು ದಾಟಿದವರು ಡಚ್ ವೈದ್ಯ ವಿಲ್ಲೆಮ್ ಕೋಲ್ಫ್. 1938ರಲ್ಲಿ ಗ್ರೋನಿಂಗೆನ್ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದ ರೈತಪುತ್ರನೊಬ್ಬ ಮೂತ್ರಪಿಂಡಗಳು ಸ್ತಬ್ಧವಾಗಿ ಕಣ್ಣೆದುರೇ ತೀರಿಕೊಂಡಾಗ ಆತನ ತಾಯಿಗೆ ಸುದ್ದಿ ತಿಳಿಸಬೇಕಾದವರು ಈ ತರುಣ ವೈದ್ಯರು. ದಿನಕ್ಕೆ ಇಷ್ಟು ಯೂರಿಯಾ ಹೊರಗೆ ತೆಗೆದರೆ ಸಾಕಲ್ಲವೇ ಎಂದು ಅವರು ಲೆಕ್ಕ ಹಾಕತೊಡಗಿದರು. ಪೊರೆಯೂ ಅಷ್ಟರಲ್ಲಿ ಬಂದಿತ್ತು: ಸಾಸೇಜ್ ಎಂಬ ಮಾಂಸದ ಖಾದ್ಯವನ್ನು ತುಂಬಲು ಕಾರ್ಖಾನೆಗಳು ತಯಾರಿಸುತ್ತಿದ್ದ ಸೆಲೋಫೇನ್ ಕೊಳವೆ. ಹೆಪ್ಪು ತಡೆಯಲು ಹೆಪಾರಿನ್ ಬಂದಿದ್ದರಿಂದ ಜಿಗಣೆಗಳಿಗೂ ಬಿಡುಗಡೆಯಾಯಿತು.

ನಾಜಿ ಸೈನ್ಯ ಹಾಲೆಂಡನ್ನು ಆಕ್ರಮಿಸಿದ ಮೇಲೆ ಕೋಲ್ಫ್ ಕಾಂಪೆನ್ ಎಂಬ ಸಣ್ಣ ಊರಿಗೆ ಹೋದರು. ಸಾಮಗ್ರಿಗಳಿಗೆ ಬರವಿದ್ದ ಆ ದಿನಗಳಲ್ಲಿ ಅಲ್ಲಿಯ ಎನಾಮಲ್ ಕಾರ್ಖಾನೆಯ ನಿರ್ದೇಶಕ ಬೆರ್ಕ್ ನೆರವಿಗೆ ಬಂದರು. ಮರದ ಪಟ್ಟಿಗಳ ಪೀಪಾಯಿಯೊಂದಕ್ಕೆ ಸೆಲೋಫೇನ್ ಕೊಳವೆಯನ್ನು ಸುತ್ತಿ, ಲವಣದ ನೀರು ತುಂಬಿದ ತೊಟ್ಟಿಯಲ್ಲಿ ಅರ್ಧ ಮುಳುಗಿಸಿ ತಿರುಗಿಸುವುದು – ಯಂತ್ರವೆಂದರೆ ಇಷ್ಟೇ. ಕೊಳವೆಯಲ್ಲಿ ರಕ್ತ ಹರಿಯುತ್ತದೆ, ಕಲ್ಮಷ ನೀರಿಗೆ ಇಳಿಯುತ್ತದೆ. 1943ರ ಮಾರ್ಚಿಯಲ್ಲಿ ಮೊದಲ ಚಿಕಿತ್ಸೆ ನಡೆಯಿತು. ಮೊದಲ ಹದಿನಾರು ಮಂದಿಯಲ್ಲಿ ಯಂತ್ರದಿಂದಲೇ ಉಳಿದರೆಂದು ಖಚಿತವಾಗಿ ಹೇಳಬಹುದಾದವರು ಒಬ್ಬರೂ ಇರಲಿಲ್ಲ. ಆದರೂ ಈ ವೈದ್ಯರು ಕೈಚೆಲ್ಲಲಿಲ್ಲ. ಇದನ್ನು ಹಠವೆನ್ನಬೇಕೋ ತಪಸ್ಸೆನ್ನಬೇಕೋ ಸಭಿಕರೇ ನಿರ್ಧರಿಸಲಿ.

1945ರ ಸೆಪ್ಟೆಂಬರಿನಲ್ಲಿ ಅರವತ್ತೇಳು ವರ್ಷದ ಮಹಿಳೆಯೊಬ್ಬರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ತಂದರು. ಆಕೆ ಸೆರೆಯಾಳು, ನಾಜಿಗಳ ಪಕ್ಷ ವಹಿಸಿದ್ದವರು. ಯುದ್ಧದಲ್ಲಿ ಬೆಂದಿದ್ದ ಆ ನಾಡಿನಲ್ಲಿ ಆಕೆಯ ಸಾವಿಗೆ ಅಳುವವರು ವಿರಳ. ಕೋಲ್ಫ್ ಹನ್ನೊಂದೂವರೆ ಗಂಟೆಗಳ ಕಾಲ ಯಂತ್ರ ನಡೆಸಿದರು. ಆಕೆ ಕಣ್ಣು ತೆರೆದರು, ಮುಂದೆ ಹಲವು ವರ್ಷ ಬದುಕಿದರು. ಕೃತಕ ಮೂತ್ರಪಿಂಡ ಉಳಿಸಿದ ಮೊದಲ ಜೀವ ಅದು. ಯಂತ್ರಕ್ಕೆ ಪೇಟೆಂಟ್ ಪಡೆಯದೆ ಅನ್ಯದೇಶಗಳ ಆಸ್ಪತ್ರೆಗಳಿಗೆ ಅದನ್ನು ಕಳುಹಿಸಿಕೊಟ್ಟ ಕೋಲ್ಫ್, 1950ರಲ್ಲಿ ನಮ್ಮೆಲ್ಲರಂತೆ ವಲಸೆಗಾರರಾಗಿ ಅಮೆರಿಕಕ್ಕೆ ಬಂದರು. 2009ರಲ್ಲಿ ಇಲ್ಲಿಯೇ ಕಾಲವಾದರು.

ಪೊರೆಯ ಇನ್ನೊಂದು ಶಾಖೆಯನ್ನೂ ಇಲ್ಲಿ ಸ್ಮರಿಸಬೇಕು. 1960ರ ಸುಮಾರಿಗೆ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಬಂದ ಶ್ರೀನಿವಾಸ ಸೌರಿರಾಜನ್ ಅವರು ಸೆಲ್ಯುಲೋಸ್ ಅಸಿಟೇಟಿನಿಂದ ಹೊಸ ಪೊರೆಯನ್ನು ರೂಪಿಸಿದರು. ತಳದಲ್ಲಿ ಸ್ಪಂಜಿನಂಥ ಪದರ, ಮೇಲೆ ಅತಿ ತೆಳುವಾದ ಬಿಗಿ ಚರ್ಮ. ಒತ್ತಡ ಹಾಕಿದರೆ ನೀರು ಇಳಿಯುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. 1965ರಲ್ಲಿ ಕೊಲಿಂಗಾ ಎಂಬ ಊರು ಈ ಪೊರೆಯಿಂದ ಶುದ್ಧಗೊಳಿಸಿದ ನೀರು ಕುಡಿಯತೊಡಗಿತು. ಇಂದು ಕರ್ನಾಟಕದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಇದೇ ತತ್ತ್ವದವು. ಡಯಾಲಿಸಿಸ್ ಯಂತ್ರಕ್ಕೂ ಒಂದು ಸಲಕ್ಕೆ ನೂರು ಲೀಟರಿಗೂ ಮಿಕ್ಕಿ ಇಂಥ ನೀರು ಬೇಕು.

ಕೋಲ್ಫ್ ಅವರ ಯಂತ್ರ ತಾತ್ಕಾಲಿಕ ರೋಗಕ್ಕೆ ಮಾತ್ರ ಒದಗುತ್ತಿತ್ತು. ಪ್ರತಿ ಸಲ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿತ್ತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ನಳಿಕೆಯೊಂದನ್ನು ರೋಗಿಯ ತೋಳಿನಲ್ಲಿಯೇ ಇರಿಸಿ ಆ ಕಷ್ಟ ನೀಗಿದರು. ಮೂತ್ರಪಿಂಡ ಪೂರ್ಣ ನಾಶವಾದವರೂ ವರ್ಷಗಟ್ಟಲೆ ಬದುಕಬಹುದಾಯಿತು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟು, ರೋಗಿಗಳು ಅಸಂಖ್ಯ. ಆಗ ಅಲ್ಲಿ ಏಳು ಮಂದಿ ನಾಗರಿಕರ ಸಮಿತಿಯೊಂದು ಕುಳಿತು ಯಾರಿಗೆ ಚಿಕಿತ್ಸೆ, ಯಾರಿಗಿಲ್ಲ ಎಂದು ತೀರ್ಮಾನಿಸುತ್ತಿತ್ತು. ವಯಸ್ಸು, ಮಕ್ಕಳ ಸಂಖ್ಯೆ, ಉದ್ಯೋಗ, ಚರ್ಚಿಗೆ ಹೋಗುವ ವಾಡಿಕೆ ಎಲ್ಲವೂ ಚರ್ಚೆಗೆ ಬರುತ್ತಿದ್ದವು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಬಯಲಿಗೆ ತಂದಾಗ ದೇಶ ಬೆಚ್ಚಿತು. ಪೊರೆ ಆರಿಸುವುದು ಅಣುವಿನ ಗಾತ್ರ ನೋಡಿ. ಅದಕ್ಕೆ ಸೆರೆಯಾಳೂ ಒಂದೇ, ಸಂಭಾವಿತನೂ ಒಂದೇ. ಸಮಿತಿಯ ಸದಸ್ಯರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸು ಬಾರದು. ಅವರ ಸ್ಥಾನದಲ್ಲಿ ಕೂರಲು ಮಾತ್ರ ನಾನೊಪ್ಪಲಾರೆ. 1972ರಲ್ಲಿ ಅಮೆರಿಕದ ಕಾಂಗ್ರೆಸ್ ಈ ರೋಗದ ಚಿಕಿತ್ಸಾವೆಚ್ಚವನ್ನು ಮೆಡಿಕೇರ್ ವ್ಯಾಪ್ತಿಗೆ ತಂದಿತು.

ಭಾರತ ಸರ್ಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ನೀಡುವ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿದ್ದು 2016ರಲ್ಲಿ. ವಾರಕ್ಕೆ ಮೂರು ಸಲ ಆಗಬೇಕಾದ ಚಿಕಿತ್ಸೆಯನ್ನು ಎರಡೇ ಸಲ ಮಾಡಿಸಿಕೊಂಡು ದಿನ ದೂಡುವವರು ನಮ್ಮ ನಾಡಿನಲ್ಲಿ ಇಂದಿಗೂ ಅನೇಕರಿದ್ದಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ನಾಲ್ಕು ಗಂಟೆ ಮಲಗಿ, ಮತ್ತೆ ಬಸ್ಸು ಹತ್ತಬೇಕು. ಜೊತೆಗೆ ಬಂದವರ ಆ ದಿನದ ಕೂಲಿಯೂ ಹೋಗುತ್ತದೆ.