ಬಿಡುವುದೂ ಅಳಿಸುವುದೂ

ಅಪ್ಪನ ಹಳೆಯ ಕಾಗದಗಳನ್ನು ಗೆದ್ದಲು ತಿಂದು ಮುಗಿಸುವ ಮೊದಲೇ ಸ್ಕ್ಯಾನ್ ಮಾಡಿ, ಬೇರೊಂದು ಡಿಸ್ಕಿನಲ್ಲಿ ಇಟ್ಟಿದ್ದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಅಲ್ಲಿದ್ದ ಪ್ರತಿಯನ್ನು ತೆಗೆದುಹಾಕಿದೆ. ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಇರುವುದೆಲ್ಲ ಹಾಗೆಯೇ ಆ ಡಿಸ್ಕಿನಲ್ಲೂ ಇರಲಿ ಎಂದು ಆರ್‌ಸಿಂಕ್ ಓಡಿಸಿದೆ. ‘ಕಾಗದಗಳು’ ಎಂಬ ಫೋಲ್ಡರನ್ನು ಮುಟ್ಟಬಾರದೆಂದು ಅದನ್ನು ಹೊರಗಿಡುವ ಪಟ್ಟಿಗೆ ಸೇರಿಸಿದೆ. ಅರ್ಥ ಸರಿಯಾಗಿ ತಿಳಿಯದೆ ಜೊತೆಗೆ ಇನ್ನೊಂದು ಸೂಚನೆಯನ್ನೂ ಬರೆದೆ. ಬೆಳಿಗ್ಗೆ ನೋಡಿದರೆ ಡಿಸ್ಕಿನಲ್ಲಿ ಕಾಗದಗಳೇ ಇರಲಿಲ್ಲ.

ತಪ್ಪು ನನ್ನದೇ. ಅದರ ಬೆನ್ನು ಹತ್ತಿ ಹೋದಾಗ ‘ಹೊರಗಿಡು’ ಎಂಬ ಮಾತಿಗೂ ಒಂದು ಚರಿತ್ರೆ ಇದೆಯೆಂದು ತಿಳಿಯಿತು.

1983ರಲ್ಲಿ ಬರ್ಕ್ಲಿ ಯೂನಿಕ್ಸಿನೊಂದಿಗೆ ಬಂದ ಆರ್‌ಸಿಪಿಗೆ ಗೊತ್ತಿದ್ದದ್ದು ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುವುದಷ್ಟೆ. 1986ರಲ್ಲಿ ಬಂದ ಆರ್‌ಡಿಸ್ಟ್‌ಗೆ ಹಲವು ಯಂತ್ರಗಳಲ್ಲಿ ಒಂದೇ ಬಗೆಯ ಫೈಲುಗಳನ್ನು ಕಾಯುವ ಕೆಲಸವಿತ್ತು. ಆಗ ಎರಡು ಅಗತ್ಯಗಳು ಎದುರಾದವು: ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲಿ ಅಳಿಸುವುದು ಮತ್ತು ಕೆಲವನ್ನು ಹೆಸರಿಸಿ ಬಿಡುವುದು. ಈ ಎರಡನೆಯದಕ್ಕೆ ಅದರಲ್ಲಿದ್ದ ಪದ ‘ಎಕ್ಸೆಪ್ಟ್’.

ಹತ್ತು ವರ್ಷಗಳ ನಂತರ, 1996ರ ಜೂನ್‌ನಲ್ಲಿ, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಆರ್‌ಸಿಂಕ್ ಪ್ರಕಟಿಸಿದರು. ನಿಧಾನದ ತಂತಿಗಳ ಕಾಲವದು. ಫೈಲಿನಲ್ಲಿ ಬದಲಾದ ತುಣುಕುಗಳನ್ನಷ್ಟೇ ಕಳುಹಿಸುವ ಉಪಾಯ ಅವರದು. 1999ರ ಟ್ರಿಡ್ಜೆಲ್ ಅವರ ಪಿಎಚ್‌ಡಿ ಪ್ರಬಂಧದಲ್ಲೂ ಇದು ಸೇರಿದೆ.

ಆರ್‌ಸಿಂಕ್‌ನಲ್ಲಿ ಹೊರಗಿಡುವ ಸಿದ್ಧ ಪಟ್ಟಿಯೊಂದಿದೆ. ಸಿವಿಎಸ್ ಎಂಬ ಹಳೆಯ ಸಾಧನದಿಂದ ಎರವಲು ತಂದದ್ದು. ಕಂಪೈಲರ್ ಹುಟ್ಟಿಸಿದ ಫೈಲುಗಳು, ಎಡಿಟರ್ ಬಿಟ್ಟುಹೋದ ಹಳೆಯ ಪ್ರತಿಗಳು, ಪ್ರೋಗ್ರಾಂ ಕುಸಿದಾಗ ಉಳಿಯುವ ‘ಕೋರ್’ ಫೈಲು ಇಂಥವೇ ಅದರಲ್ಲಿವೆ. ಬಹುಮಟ್ಟಿಗೆ, ಹೋದರೂ ಯಾರೂ ಅಳದಂಥವು. ಪ್ರೋಗ್ರಾಂ ಬರೆಯುವವರಿಗೆ ಹೊರಗಿಡುವುದು ಎಂದರೆ ಕಸ ಗುಡಿಸಿದ ಹಾಗೆ. ನನಗೋ, ಅದು ದೇವರ ಕೋಣೆಯ ಬಾಗಿಲು ಹಾಕಿದ ಹಾಗೆ.

ನಿಜಕ್ಕೂ ಆರ್‌ಸಿಂಕ್ ಈ ಎರಡೂ ಅರ್ಥಗಳಿಗೆ ಜಾಗ ಕೊಟ್ಟಿದೆ. ‘ಡಿಲೀಟ್’ ಜೊತೆ ‘ಎಕ್ಸ್‌ಕ್ಲೂಡ್’ ಮಾತ್ರ ಬರೆದರೆ, ಬಿಟ್ಟ ಫೈಲನ್ನು ಅದು ತರುವುದೂ ಇಲ್ಲ, ಆ ಕಡೆ ಇರುವುದನ್ನು ಅಳಿಸುವುದೂ ಇಲ್ಲ. ‘ಡಿಲೀಟ್-ಎಕ್ಸ್‌ಕ್ಲೂಡೆಡ್’ ಎಂದು ಬರೆದರೆ ಆ ರಕ್ಷಣೆ ಹೋಗುತ್ತದೆ. ಬಿಟ್ಟದ್ದನ್ನೂ ಹುಡುಕಿ ಅಳಿಸುತ್ತದೆ. ನಾನು ಬರೆದದ್ದು ಅದನ್ನೇ. ಮೊದಲು ‘ಡ್ರೈ-ರನ್’ ಮಾಡಿ ವಿವರ ಕೇಳಿದ್ದರೆ, ಏನೂ ಅಳಿಸದೆ, ಏನೇನು ಅಳಿಯಲಿದೆ ಎಂಬ ಪಟ್ಟಿ ಕಣ್ಣೆದುರು ಬರುತ್ತಿತ್ತು. ಅರ್ಧ ನಿಮಿಷದ ಕೆಲಸ.

ಅಕ್ಕನ ಫೋನಿನಲ್ಲಿ ಎರಡು ಕಾಗದಗಳ ಚಿತ್ರ ಉಳಿದಿದ್ದವು. ಒಂದರ ಹಿಂಬದಿಯಲ್ಲಿ ಅಪ್ಪ ಬರೆದ ದಿನಸಿಯ ಪಟ್ಟಿ ಇದೆ. ಸ್ಕ್ಯಾನ್ ಮಾಡುವಾಗ ಅದು ಬೇಡವೆಂದು ನಾನೇ ಬಿಟ್ಟಿದ್ದೆ.