ಆಕರವಿವರಗಳ ಸಾಗಣೆ: ಸುರಪುರ ಸೀಮೆಯ ಚರಿತ್ರೆಯ ದೃಷ್ಟಿಯಿಂದ ಒಂದು ವಿವೇಚನೆ

1

ಚರಿತ್ರೆಯ ಬರವಣಿಗೆಯಲ್ಲಿ ಆಕರಗಳಿಗಿರುವ ಸ್ಥಾನವನ್ನು ಕುರಿತು ವಾಚಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಯ ಹೆಸರು, ಊರು, ಅವನು ಕಂಡ ಕಾಲ ಇವು ಮೊದಲು ಗೊತ್ತಾಗತಕ್ಕದ್ದು. ಅವನ ಮಾತಿನ ಬೆಲೆಯನ್ನು ಕಟ್ಟುವುದು ಆಮೇಲಿನ ಕೆಲಸ. ಕರ್ತೃ, ಶೀರ್ಷಿಕೆ, ಪ್ರಕಟಣೆಯ ಸ್ಥಳ, ವರ್ಷ, ಪುಟ ಎಂಬ ಆಕರವಿವರವು ಚರಿತ್ರಕಾರನ ಸಾಕ್ಷಿಗೆ ಅಂಥದೇ ಗುರುತು. ಹಿಂದಿನ ವಿದ್ವಾಂಸರು ಈ ಗುರುತನ್ನು ಕಾರ್ಡುಗಳ ಮೇಲೆ ಕೈಯಾರೆ ಬರೆದಿಟ್ಟುಕೊಳ್ಳುತ್ತಿದ್ದರು. ಆಕರದ ವಿವರವೂ ಅದರಿಂದ ತೆಗೆದ ಟಿಪ್ಪಣಿಯೂ ಒಂದೇ ಕಾರ್ಡಿನಲ್ಲಿ ಇರುತ್ತಿದ್ದುದರಿಂದ ಒಂದು ಇನ್ನೊಂದನ್ನು ಬಿಟ್ಟು ಹೋಗುವ ಭಯ ಇರಲಿಲ್ಲ.

ಇಂದು ಈ ಕೆಲಸ ಎರಡು ಬಗೆಯ ತಂತ್ರಾಂಶಗಳಿಗೆ ಹಂಚಿಹೋಗಿದೆ. ಆಕರವಿವರಗಳನ್ನು ಶೇಖರಿಸಿ ಅಡಿಟಿಪ್ಪಣಿಗಳನ್ನೂ ಗ್ರಂಥಸೂಚಿಯನ್ನೂ ಸಿದ್ಧಪಡಿಸಿಕೊಡುವ ಜೊಟೆರೊ, ಮೆಂಡಲೆ, ಎಂಡ್‌ನೋಟ್ ಮೊದಲಾದವು ಒಂದು ಬಗೆ. ಆಕರಗಳ ಪಠ್ಯವನ್ನು ಓದಿ, ವಾಕ್ಯಗಳಿಗೆ ವಿಷಯಾನುಸಾರವಾಗಿ ಗುರುತು ಹಚ್ಚಿ, ಹೋಲಿಸಿ ನೋಡಲು ನೆರವಾಗುವ ಎನ್‌ವಿವೊ, ಅಟ್ಲಾಸ್‌.ಟಿಐ, ಮ್ಯಾಕ್ಸ್‌ಕ್ಯುಡಿಎ ಮೊದಲಾದವು ಮತ್ತೊಂದು ಬಗೆ. ಮೊದಲನೆಯದನ್ನು ಉಲ್ಲೇಖ ತಂತ್ರಾಂಶವೆಂದೂ ಎರಡನೆಯದನ್ನು ವಿಶ್ಲೇಷಣಾ ತಂತ್ರಾಂಶವೆಂದೂ ಈ ಲೇಖನದಲ್ಲಿ ಕರೆಯುತ್ತೇವೆ. ಒಂದರಲ್ಲಿರುವ ಆಕರವಿವರವನ್ನು ಮತ್ತೊಂದಕ್ಕೆ ಸಾಗಿಸುವಾಗ ಸಾಕ್ಷಿಯ ಗುರುತು ಹೇಗೆ ಕೆಡಬಹುದು, ಅದನ್ನು ಹೇಗೆ ಕಾಪಾಡಬಹುದು ಎಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳ ಚರಿತ್ರೆಯ ಆಕರಗಳನ್ನೇ ನಿದರ್ಶನವಾಗಿಟ್ಟುಕೊಂಡು ವಿವೇಚಿಸುವುದು ನಮ್ಮ ಉದ್ದೇಶ.

2

ಈ ತಂತ್ರಾಂಶಗಳು ವಿದ್ವತ್ತಿನ ಅವಶ್ಯಕತೆಯಿಂದಲೇ ಹುಟ್ಟಿದವೆಂಬುದನ್ನು ಮೊದಲು ಗಮನಿಸಬೇಕು. ಎನ್‌ವಿವೊದ ಮೂಲರೂಪವನ್ನು 1981ರಲ್ಲಿ ಆಸ್ಟ್ರೇಲಿಯದ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಲಿನ್ ರಿಚರ್ಡ್ಸ್ ಮತ್ತು ಟಾಮ್ ರಿಚರ್ಡ್ಸ್ ದಂಪತಿಗಳು ಸಮಾಜಶಾಸ್ತ್ರದ ಸಂಶೋಧನೆಗಾಗಿ ರೂಪಿಸಿದರು. ಜೊಟೆರೊ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಚರಿತ್ರೆ ಮತ್ತು ನೂತನ ಮಾಧ್ಯಮ ಕೇಂದ್ರದಿಂದ ಹೊರಬಂದಿತು. ಅದು ಚರಿತ್ರಕಾರರ ಕೈಯಿಂದಲೇ ಬಂದುದು. ಅದನ್ನು ಪಡೆಯಲು ಹಣ ಕೊಡಬೇಕಾಗಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಇವೆರಡರ ನಡುವೆ ಆಕರವಿವರವನ್ನು ಒಯ್ಯುವ ವಾಹನವೆಂದರೆ ಒಂದು ಸಾದಾ ಪಠ್ಯದ ಕಡತ. ಆರ್‌ಐಎಸ್ ಎಂಬ ರೂಪ ಇವುಗಳಲ್ಲಿ ಹೆಚ್ಚು ಬಳಕೆಯದು. ಇದರಲ್ಲಿ ಪ್ರತಿ ಸಾಲಿನ ಆರಂಭಕ್ಕೂ ಎರಡಕ್ಷರದ ಒಂದು ಚಿಹ್ನೆ ಇರುತ್ತದೆ. ‘ಟಿವೈ’ ಎಂದರೆ ಆಕರದ ಬಗೆ, ‘ಎಯು’ ಎಂದರೆ ಕರ್ತೃ, ‘ಟಿಐ’ ಎಂದರೆ ಶೀರ್ಷಿಕೆ, ‘ಪಿವೈ’ ಎಂದರೆ ವರ್ಷ, ‘ಕೆಡಬ್ಲ್ಯು’ ಎಂದರೆ ವಿಷಯಸೂಚಕ ಪದ. ‘ಇಆರ್’ ಬಂದಲ್ಲಿಗೆ ಒಂದು ಆಕರದ ವಿವರ ಮುಗಿಯುತ್ತದೆ. ಮ್ಯಾಕ್ಸ್‌ಕ್ಯುಡಿಎ ಈ ಕಡತವನ್ನು ಓದಿ ಪ್ರತಿಯೊಂದು ಆಕರವನ್ನೂ ಒಂದು ದಾಖಲೆಯನ್ನಾಗಿ ಮಾಡಿ, ಈ ಚಿಹ್ನೆಗಳನ್ನೇ ಸಂಕೇತಗಳಾಗಿ ಹಚ್ಚುತ್ತದೆ. ಎನ್‌ವಿವೊ ಅವುಗಳನ್ನು ಆಕರದ ಗುಣಲಕ್ಷಣಗಳ ಪಟ್ಟಿಯಾಗಿ ಮಾಡಿಕೊಳ್ಳುತ್ತದೆ. ಹೀಗೆ ಸಾಗಿದ ವರ್ಷವೂ ಕರ್ತೃವೂ ಅಲ್ಲಿ ಬರಿಯ ಅಲಂಕಾರವಾಗಿ ನಿಲ್ಲುವುದಿಲ್ಲ. ವರ್ಷಾನುಕ್ರಮವಾಗಿ ಹೋಲಿಸು ಎಂದರೆ ತಂತ್ರಾಂಶ ಆ ವರ್ಷವನ್ನೇ ನಂಬಿ ಹೋಲಿಸುತ್ತದೆ. ಆದುದರಿಂದ ಅಂಕಣದಲ್ಲಿ ಆದ ಕೊರತೆ ಗ್ರಂಥಸೂಚಿಯಲ್ಲಿ ನಿಲ್ಲದೆ ಚರಿತ್ರೆಯ ನಿರ್ಣಯದವರೆಗೂ ಹೋಗುತ್ತದೆ.

3

ಮೊದಲು ವರ್ಷದ ವಿಚಾರವನ್ನು ನೋಡೋಣ. ಸುರಪುರ ಸಂಸ್ಥಾನವು 1858ರ ದಂಗೆಯ ತರುವಾಯ, 1860ರಲ್ಲಿ, ನಿಜಾಮರ ರಾಜ್ಯಕ್ಕೆ ಸೇರಿತು. ಅಂದಿನಿಂದ 1948ರವರೆಗೆ ಈ ಸೀಮೆಯ ಆಡಳಿತದ ದಾಖಲೆಗಳು ಹೈದರಾಬಾದಿನ ಪದ್ಧತಿಯಂತೆ ನಡೆದುವು. ಅಲ್ಲಿನ ಸರಕಾರಿ ವರದಿಗಳು ಫಸಲಿ ವರ್ಷವನ್ನು ಹೊತ್ತಿರುತ್ತವೆ. 1914ರಲ್ಲಿ ಸ್ಥಾಪಿತವಾಗಿ ಗುಲಾಮ್ ಯಜ್ದಾನಿಯವರ ನಿರ್ದೇಶನದಲ್ಲಿ ನಡೆದ ಅಲ್ಲಿಯ ಪ್ರಾಕ್ತನ ಇಲಾಖೆಯ ವಾರ್ಷಿಕ ವರದಿಗಳೂ ಹೀಗೆಯೇ. 1331 ಫಸಲಿ ಎಂದರೆ ಕ್ರಿ.ಶ. 1921-22. ವಿದ್ಯಾರ್ಥಿಯು ಮುಖಪುಟದಲ್ಲಿ ಕಂಡಂತೆ 1331 ಎಂದು ವರ್ಷದ ಅಂಕಣದಲ್ಲಿ ಬರೆದನೆನ್ನೋಣ. ಆ ಅಂಕಣ ನಾಲ್ಕು ಅಂಕೆಗಳನ್ನು ಕ್ರಿಸ್ತಶಕವೆಂದೇ ತಿಳಿಯುತ್ತದೆ. ಪರಿಣಾಮವಾಗಿ ಆ ವರದಿ 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕಿಂತಲೂ ಹಿಂದಿನದಾಗಿ ಕುಳಿತುಬಿಡುತ್ತದೆ. ಇಷ್ಟು ದೊಡ್ಡ ಅಂತರವಾದರೆ ಕಣ್ಣಿಗೆ ಬೀಳಬಹುದು. ಅಂತರ ಸಣ್ಣದಾಗಿರುವಲ್ಲಿಯೇ ಅಪಾಯ ಹೆಚ್ಚು.

ಮೆಡೋಸ್ ಟೇಲರನ ಬರಹಗಳು ಇದಕ್ಕೆ ಉತ್ತಮ ನಿದರ್ಶನ. ಅರಸ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ ಸಂಸ್ಥಾನದ ಮೇಲ್ವಿಚಾರಣೆಗಾಗಿ ಬಂದ ಟೇಲರನು 1853ರವರೆಗೆ ಸುರಪುರದಲ್ಲಿದ್ದನು. ಅವನು 1876ರಲ್ಲಿ ತೀರಿಕೊಂಡನು. ಅವನ ಆತ್ಮಚರಿತ್ರೆಯನ್ನು ಮಗಳು ಆಲಿಸ್ 1877ರಲ್ಲಿ ಪ್ರಕಟಿಸಿದಳು. ಹೆನ್ರಿ ಬ್ರೂಸ್ ಸಂಪಾದಿಸಿದ ಆವೃತ್ತಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ 1920ರಲ್ಲಿ ಬಂದಿತು. ಸುರಪುರ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ಕುರಿತು ಅವನು ಬರೆದ ಪ್ರಬಂಧಗಳು 1850ರ ದಶಕದಿಂದ ವಿದ್ವತ್ಪತ್ರಿಕೆಗಳಲ್ಲಿ ಬೆಳಕು ಕಂಡವು. ಅವುಗಳನ್ನು ಒಂದುಗೂಡಿಸಿ ಹೈದರಾಬಾದಿನ ಪ್ರಾಕ್ತನ ಇಲಾಖೆ 1941ರಲ್ಲಿ ಗ್ರಂಥರೂಪದಲ್ಲಿ ಹೊರತಂದಿತು.

ಈಗ ವೆಂಕಟಪ್ಪ ನಾಯಕನ ಚಿತ್ರಣ ಕಾಲದಿಂದ ಕಾಲಕ್ಕೆ ಹೇಗೆ ಮಾರ್ಪಟ್ಟಿತೆಂದು ಅಭ್ಯಸಿಸುವ ವಿದ್ಯಾರ್ಥಿಯ ಕೈಯಲ್ಲಿ 1920ರ ಆವೃತ್ತಿ ಇದೆಯೆನ್ನೋಣ. ಗ್ರಂಥಸೂಚಿಯ ದೃಷ್ಟಿಯಿಂದ 1920 ಎಂದು ಬರೆಯುವುದು ಯುಕ್ತವೇ; ಅವನು ಓದಿದ ಪುಟಗಳು ಆ ಆವೃತ್ತಿಯವು. ಆದರೆ ಅದೇ ವರ್ಷ ವಿಶ್ಲೇಷಣಾ ತಂತ್ರಾಂಶಕ್ಕೆ ಸಾಗಿದರೆ, ಟೇಲರನ ಮಮತೆ ಬೆರೆತ ನಿರೂಪಣೆಯು 1909ರಲ್ಲಿ ಪ್ರಕಟವಾದ ಸಾವರ್ಕರರ 1857ರ ಗ್ರಂಥಕ್ಕಿಂತ ಈಚಿನದಾಗಿ ನಿಲ್ಲುತ್ತದೆ. ರಾಷ್ಟ್ರೀಯ ಭಾವನೆ ಬೆಳೆದ ಮೇಲೆ ಆಂಗ್ಲ ಅಧಿಕಾರಿಗಳ ಧ್ವನಿ ಮೃದುವಾಯಿತೆಂಬ ಸಿದ್ಧಾಂತವೊಂದು ಯಾವ ಆಧಾರವೂ ಇಲ್ಲದೆ ಹುಟ್ಟಿಬಿಡಬಹುದು. ಪ್ರಕಟಣೆಯ ವರ್ಷ ಬೇರೆ, ಸಾಕ್ಷ್ಯದ ಕಾಲ ಬೇರೆ ಎಂಬ ಭೇದವನ್ನು ಅಂಕಣ ಅರಿಯದು, ಸಂಶೋಧಕನು ಅರಿತಿರಬೇಕು.

4

ಎರಡನೆಯದು ಹೆಸರಿನ ವಿಚಾರ. ಸುರಪುರವು ಆಂಗ್ಲ ಬರಹಗಳಲ್ಲಿ ಶೋರಾಪುರ, ಸೋರಾಪುರ ಎಂದೂ ಕಾಣಿಸಿಕೊಳ್ಳುತ್ತದೆ. ಹುಣಸಗಿ ಕಣಿವೆಯ ಹಳೆಯ ಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1973ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿರುವುದು ಶೋರಾಪುರ ದೋಆಬ್; 1982ರ ಗ್ರಂಥದ ಹೆಸರಿನಲ್ಲಿರುವುದು ಹುಣಸಗಿಯ ಆಂಗ್ಲ ರೂಪ. ಜಿಲ್ಲೆಯ ಹೆಸರೂ ಸ್ಥಿರವಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ತರುವಾಯ ಮೈಸೂರು ರಾಜ್ಯದಲ್ಲಿಯೂ ಈ ಮೂರು ತಾಲ್ಲೂಕುಗಳು ಗುಲ್ಬರ್ಗ ಜಿಲ್ಲೆಗೆ ಸೇರಿದ್ದುವು; 2010ರ ಹೊತ್ತಿಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು; 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. ಸುರಪುರವೆಂದೋ ಯಾದಗಿರಿ ಜಿಲ್ಲೆಯೆಂದೋ ಮಾತ್ರ ಹುಡುಕುವವನಿಗೆ ಹಳೆಯ ಆಕರಗಳಲ್ಲಿ ಬಹುಭಾಗ ದೊರೆಯುವುದಿಲ್ಲ.

ವ್ಯಕ್ತಿನಾಮಗಳ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಆರ್‌ಐಎಸ್ ಕಡತದಲ್ಲಿ ಕುಲನಾಮ ಮೊದಲು, ಅನಂತರ ಅಲ್ಪವಿರಾಮ, ಆಮೇಲೆ ಸ್ವನಾಮ ಎಂಬುದು ನಿಯಮ. ನಮ್ಮ ಹೆಸರುಗಳು ಈ ಅಚ್ಚಿಗೆ ಒಗ್ಗುವುದಿಲ್ಲ. ಹೈದರಾಬಾದ್ ಕರ್ನಾಟಕದ ಇತಿಹಾಸಜ್ಞರಾದ ಕಪಟರಾಳ ಕೃಷ್ಣರಾಯರ ಹೆಸರಿನಲ್ಲಿ ಮನೆತನವನ್ನು ಸೂಚಿಸುವ ಪದ ಮೊದಲೇ ಬರುತ್ತದೆ. ಒಂದು ಕಡೆ ಕಪಟರಾಳ, ಇನ್ನೊಂದು ಕಡೆ ಕೃಷ್ಣರಾವ್, ಮತ್ತೊಂದು ಕಡೆ ಕೃಷ್ಣರಾವ ಎಂದು ಬರೆದರೆ ತಂತ್ರಾಂಶಕ್ಕೆ ಅವರು ಮೂವರು ವಿದ್ವಾಂಸರು. ಭಾರತೀಯ ನಾಮಗಳ ಈ ವೈವಿಧ್ಯವನ್ನು ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು ಸೂಚೀಕರಣದ ಪ್ರಶ್ನೆಯಾಗಿ ಬಹು ಹಿಂದೆಯೇ ಎತ್ತಿಕೊಂಡಿದ್ದರು. ಯಂತ್ರ ಬಂದುದರಿಂದ ಆ ಪ್ರಶ್ನೆ ತೀರಲಿಲ್ಲ.

ಮೂರನೆಯದು ಲಿಪಿಯ ವಿಚಾರ. ಕನ್ನಡದ ಅಕ್ಷರಗಳಿಗೆ ಯುನಿಕೋಡ್ ವ್ಯವಸ್ಥೆಯಲ್ಲಿ ಸ್ಥಾನವಿದೆ. ಆದರೆ ನಮ್ಮ ಕಾಲೇಜುಗಳಲ್ಲಿರುವ ಹಳೆಯ ಟೈಪು ಪ್ರತಿಗಳಲ್ಲಿ ಬಹುಮಟ್ಟಿಗೆ ನುಡಿ, ಬರಹಗಳ ಹಿಂದಿನ ಅಕ್ಷರವಿನ್ಯಾಸಗಳು ಬಳಕೆಯಾಗಿವೆ. ಅವು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಕಡತದ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತಗಳೇ. ಅಂಥ ಶೀರ್ಷಿಕೆಯನ್ನು ಹಾಗೆಯೇ ಅಂಕಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಸಮೂಹ ಉಳಿಯುತ್ತದೆ. ಪಠ್ಯವೂ ಹೀಗೆಯೇ ಸಾಗಿದ್ದರೆ, ಬೇಡ ನಾಯಕರನ್ನು ಕುರಿತು ಹುಡುಕಿದಾಗ ತಂತ್ರಾಂಶವು ಏನೂ ಇಲ್ಲವೆಂದು ಉತ್ತರ ಕೊಡುತ್ತದೆ. ಆಕರದಲ್ಲಿ ಇಲ್ಲದಿರುವುದು ಬೇರೆ, ಯಂತ್ರಕ್ಕೆ ಕಾಣದಿರುವುದು ಬೇರೆ. ಇವೆರಡನ್ನು ಒಂದೆಂದು ತಿಳಿದರೆ ಕನ್ನಡ ಆಕರಗಳು ಮೌನವಾಗಿವೆಯೆಂಬ ಅಪಸಿದ್ಧಾಂತಕ್ಕೆ ಬರುತ್ತೇವೆ. ಆಂಗ್ಲ ಅಧಿಕಾರಿಗಳ ಮಾತೇ ಚರಿತ್ರೆಯಾಗಿ ಉಳಿಯುತ್ತದೆ.

ನಾಲ್ಕನೆಯದು ಆಕರದ ಬಗೆ. ಜೊಟೆರೊದ ಪಟ್ಟಿಯಲ್ಲಿ ಗ್ರಂಥ, ಲೇಖನ, ಹಸ್ತಪ್ರತಿ ಮೊದಲಾದ ಬಗೆಗಳಿವೆ. ಶಾಸನವೆಂಬ ಬಗೆ ಇಲ್ಲ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಆದಿಲಶಾಹಿ ಮನೆತನದ ಮೊದಲ ಅರಸರ ಸಮಾಧಿಗಳಿವೆ. ಅಂಥ ಸ್ಥಳದ ಶಾಸನವೊಂದನ್ನು ಹಸ್ತಪ್ರತಿಯೆಂದು ಒಬ್ಬರು, ಲೇಖನವೆಂದು ಇನ್ನೊಬ್ಬರು ನಮೂದಿಸಿದರೆ, ಸಾಗಣೆಯಾದ ಮೇಲೆ ಅವು ಬೇರೆ ಬೇರೆ ಗುಂಪಿಗೆ ಸೇರುತ್ತವೆ. ಶಾಸನದ ಕಾಲ ಹಿಜರಿಯಲ್ಲಿಯೋ ಶಕವರ್ಷದಲ್ಲಿಯೋ ಇರುವುದರಿಂದ ಹಿಂದೆ ಹೇಳಿದ ವರ್ಷದ ತೊಡಕೂ ಇದರೊಡನೆ ಕೂಡಿಕೊಳ್ಳುತ್ತದೆ.

5

ಈ ತೊಡಕುಗಳಿಗೆ ಪರಿಹಾರ ತಂತ್ರಾಂಶವನ್ನು ಬಿಡುವುದಲ್ಲ. ಸಾಗಣೆಗೆ ಮುಂಚೆ ಆಕರವಿವರವನ್ನು ಅಣಿಗೊಳಿಸುವುದು. ನಮ್ಮ ಅಭಿಪ್ರಾಯದಲ್ಲಿ ಈ ಕೆಳಗಿನ ಕ್ರಮ ಸಾಧುವಾದುದು.

ಮೊದಲನೆಯದಾಗಿ, ಆಕರವಿವರದ ಮೂಲಸ್ಥಾನ ಉಲ್ಲೇಖ ತಂತ್ರಾಂಶವೇ ಆಗಿರತಕ್ಕದ್ದು. ತಿದ್ದುಪಡಿಗಳೆಲ್ಲ ಅಲ್ಲಿಯೇ ನಡೆಯಬೇಕು. ಎರಡೂ ಕಡೆ ತಿದ್ದುತ್ತ ಹೋದರೆ ಯಾವುದು ಸರಿಯಾದ ಪಾಠವೆಂಬುದು ಕೆಲವು ತಿಂಗಳುಗಳಲ್ಲಿ ತಿಳಿಯದಂತಾಗುತ್ತದೆ.

ಎರಡನೆಯದಾಗಿ, ಒಂದೇ ಆಕರದ ಎರಡು ನಮೂದುಗಳನ್ನು ಸಾಗಣೆಗೆ ಮೊದಲೇ ಒಂದುಗೂಡಿಸಬೇಕು. ಸಾಗಿಸಿದ ಮೇಲೆ ಒಂದು ಪ್ರತಿಗೆ ಕೆಲವು ಗುರುತುಗಳೂ ಮತ್ತೊಂದಕ್ಕೆ ಕೆಲವು ಗುರುತುಗಳೂ ಹತ್ತಿಕೊಂಡಿರುತ್ತವೆ. ಆಗ ಅವನ್ನು ಕೂಡಿಸುವುದು ಕಷ್ಟ. ಆದರೆ ಟೇಲರನ 1850ರ ದಶಕದ ಪ್ರಬಂಧವನ್ನೂ 1941ರ ಸಂಕಲನವನ್ನೂ ಒಂದುಗೂಡಿಸಕೂಡದು. ಅವು ಎರಡು ಪ್ರಕಟಣೆಗಳು.

ಮೂರನೆಯದಾಗಿ, ವರ್ಷದ ಅಂಕಣದಲ್ಲಿ ಕೈಯಲ್ಲಿರುವ ಆವೃತ್ತಿಯ ಕ್ರಿಸ್ತಶಕ ವರ್ಷವನ್ನೇ ಬರೆದು, ಸಾಕ್ಷ್ಯದ ಕಾಲವನ್ನೂ ಫಸಲಿ, ಹಿಜರಿ, ಶಕವರ್ಷಗಳನ್ನೂ ವಿಷಯಸೂಚಕ ಪದಗಳಾಗಿ ಸೇರಿಸಬೇಕು. ಸುರಪುರ ಎಂಬ ಒಂದೇ ರೂಪವನ್ನು ಎಲ್ಲ ಆಕರಗಳಿಗೂ ಇದೇ ರೀತಿ ಸೂಚಕಪದವಾಗಿ ಕೊಡಬೇಕು; ಶೀರ್ಷಿಕೆಯ ಮೂಲ ಕಾಗುಣಿತವನ್ನು ಮಾತ್ರ ಮುಟ್ಟಕೂಡದು. ಸೂಚಕಪದಗಳಿಗೆ ಆರ್‌ಐಎಸ್ ರೂಪದಲ್ಲಿ ಸ್ವಂತ ಚಿಹ್ನೆ ಇರುವುದರಿಂದ ಅವು ಆಕರದೊಡನೆ ಸಾಗುತ್ತವೆ. ವಿಶ್ಲೇಷಣಾ ತಂತ್ರಾಂಶದಲ್ಲಿ ‘ಸಾಕ್ಷ್ಯದ ಕಾಲ’ ಎಂಬ ಪ್ರತ್ಯೇಕ ಗುಣಲಕ್ಷಣವನ್ನು ತೆರೆದು ಅದರ ಮೇಲೆಯೇ ಹೋಲಿಕೆ ನಡೆಸಬೇಕು.

ನಾಲ್ಕನೆಯದಾಗಿ, ಹಳೆಯ ಅಕ್ಷರವಿನ್ಯಾಸದ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ಸರಿಪಡಿಸಿಕೊಳ್ಳಬೇಕು. ಕರ್ತೃವಿನ ಹೆಸರಿಗೆ ಒಂದು ರೂಪವನ್ನು ನಿಶ್ಚಯಿಸಿ ಅದನ್ನೇ ಪಾಲಿಸಬೇಕು.

ಐದನೆಯದಾಗಿ, ಆಕರದೊಡನೆ ಪಿಡಿಎಫ್ ಪ್ರತಿಯನ್ನು ಕಳುಹಿಸುವುದಾದರೆ ಆರ್‌ಐಎಸ್ ಕಡತವನ್ನೂ ಪಿಡಿಎಫ್‌ಗಳಿರುವ ಕೋಶವನ್ನೂ ಜೊತೆಯಾಗಿಯೇ ಒಯ್ಯಬೇಕು. ಕಡತದಲ್ಲಿರುವುದು ಪ್ರತಿಯ ವಿಳಾಸ ಮಾತ್ರ, ಪ್ರತಿಯಲ್ಲ. ಪಿಡಿಎಫ್‌ನ ಪುಟಸಂಖ್ಯೆಯೂ ಅಚ್ಚಾದ ಪುಟಸಂಖ್ಯೆಯೂ, ಮುನ್ನುಡಿಯ ಪುಟಗಳ ಕಾರಣದಿಂದ, ಅನೇಕ ವೇಳೆ ಬೇರೆಯಾಗಿರುತ್ತವೆ. ಅಡಿಟಿಪ್ಪಣಿಯಲ್ಲಿ ಬರಬೇಕಾದುದು ಅಚ್ಚಿನ ಸಂಖ್ಯೆ.

ಕಡೆಯದಾಗಿ, ಸಾಗಣೆ ಮುಗಿದ ಕೂಡಲೆ ಎರಡೂ ಕಡೆಯ ಆಕರಗಳ ಸಂಖ್ಯೆಯನ್ನು ಎಣಿಸಿ ತಾಳೆ ನೋಡಬೇಕು. ಕನ್ನಡ, ಆಂಗ್ಲ, ಉರ್ದು ಆಕರಗಳಿಂದ ಕೆಲಕೆಲವನ್ನು ಆರಿಸಿ ಅಂಕಣ ಅಂಕಣವಾಗಿ ಹೋಲಿಸಬೇಕು. ವಿಶ್ಲೇಷಣೆಯಲ್ಲಿ ಹಚ್ಚಿದ ಗುರುತುಗಳಿಗೆ ಆರ್‌ಐಎಸ್ ರೂಪದಲ್ಲಿ ಸ್ಥಾನವಿಲ್ಲ. ಅವು ಉಲ್ಲೇಖ ತಂತ್ರಾಂಶಕ್ಕೆ ಹಿಂದಿರುಗಿ ಬರುವುದಿಲ್ಲವೆಂಬುದು ನೆನಪಿನಲ್ಲಿರಲಿ. ಅವುಗಳನ್ನು ಒಂದು ವಿಶ್ಲೇಷಣಾ ತಂತ್ರಾಂಶದಿಂದ ಮತ್ತೊಂದಕ್ಕೆ ಒಯ್ಯಲು 2019ರಲ್ಲಿ ಬಂದ ರೆಫಿ-ಕ್ಯುಡಿಎ ಎಂಬ ಸಮಾನ ರೂಪ ಇದೆ. ಅದರ ಉದ್ದೇಶ ಬೇರೆ.

6

ಸುರಪುರ ಸೀಮೆಯ ಚರಿತ್ರೆಯ ಆಕರಗಳು ಕನ್ನಡ, ಪಾರಸಿ, ಉರ್ದು, ಆಂಗ್ಲ ಭಾಷೆಗಳಲ್ಲಿವೆ. ಹೈದರಾಬಾದು, ದೆಹಲಿ, ಲಂಡನ್ನುಗಳಲ್ಲಿ ಚದುರಿವೆ. ಯಾದಗಿರಿಯಲ್ಲಿಯೋ ಶಹಾಪುರದಲ್ಲಿಯೋ ಕುಳಿತ ವಿದ್ಯಾರ್ಥಿ ಅವುಗಳ ಮೂಲವನ್ನು ಪದೇ ಪದೇ ನೋಡಿಬರಲಾರನು. ಒಮ್ಮೆ ಬರೆದುಕೊಂಡ ವಿವರವನ್ನೇ ಅವನೂ ಅವನ ಅನಂತರ ಬರುವವರೂ ಆಶ್ರಯಿಸಬೇಕಾಗಿದೆ. ದೊಡ್ಡ ಗ್ರಂಥಾಲಯ ಹತ್ತಿರವಿರುವಲ್ಲಿ ಆಕರವಿವರ ಕೆಟ್ಟರೆ ಮತ್ತೆ ಹುಡುಕಿ ಸರಿಪಡಿಸಬಹುದು. ಇಲ್ಲಿ ಕೆಟ್ಟರೆ ಆ ಸಾಕ್ಷ್ಯ ಬಹುಕಾಲ ಕೈತಪ್ಪಿಹೋಗುತ್ತದೆ. ಆದುದರಿಂದ ಈ ಕೆಲಸವನ್ನು ಪ್ರಬಂಧದ ಕಡೆಯ ವಾರಕ್ಕೆ ಬಿಡದೆ, ಸಂಶೋಧನೆಯ ಮೊದಲ ತಿಂಗಳಲ್ಲಿಯೇ ಅಧ್ಯಾಪಕರು ವಿದ್ಯಾರ್ಥಿಗಳಿಂದ ಮಾಡಿಸತಕ್ಕದ್ದು. ಮೂರು ಊರುಗಳ ಕಾಲೇಜುಗಳ ಚರಿತ್ರೆಯ ಅಧ್ಯಾಪಕರು ಸೇರಿ, ಸ್ಥಳನಾಮ ಮತ್ತು ಕರ್ತೃನಾಮಗಳ ಒಂದು ಸಮಾನ ಪಟ್ಟಿಯನ್ನೂ ಫಸಲಿ ವರ್ಷಗಳ ಒಂದು ಕೋಷ್ಟಕವನ್ನೂ ಸಿದ್ಧಪಡಿಸಿದರೆ ಮುಂದಿನ ಸಂಶೋಧಕರಿಗೆ ಅದರಿಂದ ಮಹದುಪಕಾರವಾಗುವುದೆಂದು ನಂಬಿದ್ದೇವೆ.