ಲಸಾನ್ಯಾ: ಬೊಲೋನ್ಯಾ ನಗರದ ಪದರುಪದರಿನ ಪಾಕ

ಲಸಾನ್ಯಾ ಎಂಬುದು ಇಟಲಿ ದೇಶದ ಒಂದು ಪ್ರಸಿದ್ಧ ಭಕ್ಷ್ಯ. ಗೋಧಿಹಿಟ್ಟಿನ ತೆಳುವಾದ, ಅಗಲವಾದ ಹಾಳೆಗಳ ನಡುವೆ ಕೊಚ್ಚಿದ ಮಾಂಸದ ಗೊಜ್ಜು, ಹಾಲು ಬೆಣ್ಣೆಗಳಿಂದಾದ ಬಿಳಿ ಸಾಸ್ ಹಾಗೂ ತುರಿದ ಚೀಸ್‌ಗಳನ್ನು ಪದರುಪದರಾಗಿ ಹರಡಿ, ಒವನ್ನಿನಲ್ಲಿಟ್ಟು ಬೇಯಿಸಿದಾಗ ಇದು ಸಿದ್ಧವಾಗುತ್ತದೆ. ಮುಂಬಯಿ, ಪುಣೆ, ದೆಹಲಿಗಳಂತಹ ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳಿಗೆ ಇದು ಹೊಸ ಹೆಸರೇನಲ್ಲ. ಹೊರಗೆ ತಿಂದು ಬಂದು, ಮನೆಯಲ್ಲೂ ಮಾಡೋಣವೆಂದು ಅವರು ಹಟ ಹಿಡಿಯುವುದುಂಟು.

ಆದರೆ ಈ ಭಕ್ಷ್ಯದ ಮೂಲ ಪಾಕದಲ್ಲಿರುವುದು ದನದ ಮಾಂಸ, ಹಂದಿಯ ಮಾಂಸ ಮತ್ತು ವೈನ್. ನಮ್ಮಲ್ಲಿ ಅನೇಕರ ಮನೆಗಳ ಅಡುಗೆಕೋಣೆಯನ್ನು ಇವು ಪ್ರವೇಶಿಸುವುದಿಲ್ಲ. ಹಾಗಾದರೆ ಏನನ್ನು ಬದಲಿಸಿದರೂ ಇದು ಲಸಾನ್ಯಾ ಆಗಿಯೇ ಉಳಿಯುತ್ತದೆ, ಏನನ್ನು ಬದಲಿಸಿದರೆ ಹೆಸರು ಮಾತ್ರ ಉಳಿಯುತ್ತದೆ? ಊರು ಬಿಟ್ಟು ಬಂದು, ಸಿಕ್ಕಿದ ಸಾಮಗ್ರಿಗಳಿಂದಲೇ ಬಿಸಿಬೇಳೆ ಬಾತನ್ನೋ ಕೋರಿ ರೊಟ್ಟಿಯನ್ನೋ ಮಾಡಿಕೊಂಡು ಬಂದಿರುವ ನಮಗೆ ಈ ಪ್ರಶ್ನೆ ಅಪರಿಚಿತವಲ್ಲ. ಇದಕ್ಕೆ ಉತ್ತರ ಬೇಕಾದರೆ ಮೊದಲು ಈ ಪಾಕದ ಚರಿತ್ರೆಯನ್ನು ತಿಳಿಯಬೇಕು.

ಪ್ರಾಚೀನ ರೂಪ

ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ ನೇಪಲ್ಸ್ ನಗರದಲ್ಲಿ ಸಿದ್ಧವಾಯಿತೆನ್ನಲಾದ ‘ಲಿಬೆರ್ ದೆ ಕೊಕ್ವಿನಾ’ ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ ಲಸಾನ್ಯಾದ ವಿವರಣೆಯಿದೆ. ಹುದುಗಿಸಿದ ಕಣಕವನ್ನು ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕತ್ತರಿಸಿ, ಉಪ್ಪುನೀರಿನಲ್ಲಿ ಬೇಯಿಸಿ, ತುರಿದ ಚೀಸನ್ನು ನಡುನಡುವೆ ಉದುರಿಸಿ ಒಂದರ ಮೇಲೊಂದು ಜೋಡಿಸಬೇಕೆಂದೂ, ಬೇಕಿದ್ದರೆ ಮಸಾಲೆಪುಡಿ ಸೇರಿಸಬಹುದೆಂದೂ, ಮೊನಚಾದ ಮರದ ಕಡ್ಡಿಯಿಂದ ಚುಚ್ಚಿ ತಿನ್ನಬೇಕೆಂದೂ ಅಲ್ಲಿ ಹೇಳಿದೆ. ಆ ಪಾಕದಲ್ಲಿ ಮಾಂಸವಿಲ್ಲ, ಬಿಳಿ ಸಾಸ್ ಇಲ್ಲ, ಟೊಮೇಟೊ ಇರುವುದಂತೂ ಸಾಧ್ಯವೇ ಇಲ್ಲ. ಏಕೆಂದರೆ ಟೊಮೇಟೊ ಅಮೆರಿಕ ಖಂಡದ ಬೆಳೆ. ಅದು ಯುರೋಪನ್ನು ತಲುಪಿದ್ದು ಹದಿನಾರನೆಯ ಶತಮಾನದಲ್ಲಿ. ನಮ್ಮ ಸಾರಿಗೆ ಹಸಿಮೆಣಸಿನಕಾಯಿ ಎಷ್ಟು ಹೊಸದೋ, ಲಸಾನ್ಯಾಕ್ಕೆ ಟೊಮೇಟೊ ಅಷ್ಟೇ ಹೊಸದು.

ಬೊಲೋನ್ಯಾದ ದಾಖಲೆಗಳು

ಇಂದು ಜಗತ್ತಿನಾದ್ಯಂತ ಪರಿಚಿತವಾಗಿರುವ ಮಾಂಸದ ಲಸಾನ್ಯಾಕ್ಕೆ ತವರೂರು ಬೊಲೋನ್ಯಾ. ಉತ್ತರ ಇಟಲಿಯಲ್ಲಿ, ಪೋ ನದಿಯ ಬಯಲಿನಲ್ಲಿರುವ ಎಮಿಲಿಯಾ ರೊಮಾನ್ಯಾ ಪ್ರಾಂತದ ರಾಜಧಾನಿ ಇದು. ಗೋಧಿ, ಹಾಲು, ಬೆಣ್ಣೆಗಳಿಗೆ ಕೊರತೆಯಿಲ್ಲದ ಸೀಮೆ. ಬೊಲೋನ್ಯಾಕ್ಕೆ ‘ವಿದ್ಯಾವಂತೆ’ ಎಂಬ ಬಿರುದಿನ ಜೊತೆಯಲ್ಲೇ ‘ಕೊಬ್ಬಿದವಳು’ ಎಂಬ ಅಡ್ಡಹೆಸರೂ ಇದೆ. ಮೊದಲನೆಯದು ಅಲ್ಲಿನ ಪುರಾತನ ವಿಶ್ವವಿದ್ಯಾಲಯದಿಂದ ಬಂದುದು, ಎರಡನೆಯದು ಅಲ್ಲಿನ ಊಟದಿಂದ.

ಬೊಲೋನ್ಯಾದವರು ತಮ್ಮ ಅಡುಗೆಯನ್ನು ಬಾಯಿಮಾತಿಗೆ ಬಿಟ್ಟಿಲ್ಲವೆಂಬುದು ಗಮನಾರ್ಹ. 1953ರಲ್ಲಿ ಸ್ಥಾಪಿತವಾದ ಇಟಲಿಯ ಪಾಕಶಾಸ್ತ್ರ ಅಕಾಡೆಮಿಯು ಅಲ್ಲಿನ ಪಾಕವಿಧಾನಗಳನ್ನು ನಗರದ ವಾಣಿಜ್ಯ ಮಂಡಳಿಯಲ್ಲಿ ಅಧಿಕೃತವಾಗಿ ಠೇವಣಿ ಇರಿಸಿದೆ. 1972ರಲ್ಲಿ ಮೊದಲು ದಾಖಲಾದದ್ದು ತಾಲ್ಯತೆಲ್ಲೆ ಎಂಬ ಪಟ್ಟಿಪಾಸ್ತಾದ ಅಳತೆ. ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರ್ ಇರಬೇಕು, ಅಂದರೆ ನಗರದ ಹೆಗ್ಗುರುತಾದ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗ. ಅದರ ಚಿನ್ನದ ಮಾದರಿಯನ್ನೂ ಮಂಡಳಿಯಲ್ಲಿ ಕಾಪಾಡಿಡಲಾಗಿದೆ. 1982ರಲ್ಲಿ ‘ರಗೂ’ ಎಂಬ ಮಾಂಸದ ಗೊಜ್ಜಿನ ಪಾಕವೂ, 2003ರಲ್ಲಿ ಪಾಲಕ್ ಬೆರೆಸಿದ ಹಸಿರು ಲಸಾನ್ಯಾದ ಪಾಕವೂ ದಾಖಲಾದವು. ಬ್ಯಾಂಕಿನ ಕಡತಗಳ ನಡುವೆ ಆಯುಷ್ಯ ಕಳೆದ ನಮ್ಮಂಥವರಿಗೆ ಅಡುಗೆಗೂ ಇಂತಹ ಠೇವಣಿಯುಂಟೆಂಬುದು ಸಂತೋಷದ ಸಂಗತಿ.

ಆದರೆ ಠೇವಣಿಯಿಟ್ಟವರೇ ಅದನ್ನು ತಿದ್ದಿದರು. 2023ರಲ್ಲಿ ರಗೂವಿನ ಪರಿಷ್ಕೃತ ಪಾಕ ದಾಖಲಾಯಿತು. 1982ರಲ್ಲಿ ಒಂದು ಲೋಟವಿದ್ದ ಹಾಲು 2023ರಲ್ಲಿ ಅರ್ಧ ಲೋಟವಾಗಿ, ಅದೂ ಐಚ್ಛಿಕವಾಯಿತು. ಬೆಳ್ಳುಳ್ಳಿ, ಸೊಪ್ಪುಗಳು, ಗಟ್ಟಿಮಾಡಲು ಹಾಕುವ ಹಿಟ್ಟು, ಕರುವಿನ ಮಾಂಸ ಇವೆಲ್ಲ ಕೂಡದೆಂದು ಹೊಸ ದಾಖಲೆ ಹೇಳುತ್ತದೆ. ಇದರಲ್ಲೊಂದು ಸ್ವಾರಸ್ಯವಿದೆ. ಇಟಲಿಯ ಮನೆಯಡುಗೆಗೆ ಆಧಾರಗ್ರಂಥವೆನಿಸಿದ ಪುಸ್ತಕವನ್ನು 1891ರಲ್ಲಿ ಪ್ರಕಟಿಸಿದ ಪೆಲ್ಲೆಗ್ರೀನೊ ಆರ್ತೂಸಿ, ಬೊಲೋನ್ಯಾ ಶೈಲಿಯ ಮಾಂಸದ ಗೊಜ್ಜಿಗೆ ಬಳಸಿದ್ದು ಕರುವಿನ ಮಾಂಸವನ್ನೇ. ಚಿಟಿಕೆ ಹಿಟ್ಟನ್ನೂ ಸೇರಿಸಿದ್ದ, ಟೊಮೇಟೊ ಮುಟ್ಟಿರಲಿಲ್ಲ. ಅಂದಿನ ಸಮ್ಮತ ಪಾಕ ಇಂದು ನಿಷಿದ್ಧ, ಅಂದು ಇಲ್ಲದಿದ್ದ ಟೊಮೇಟೊ ಇಂದು ಕಡ್ಡಾಯ. ಮೂಲವೆಂಬುದು ತವರಿನಲ್ಲಿಯೇ ಒಂದೇ ಕಡೆ ನಿಂತಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ದಕ್ಷಿಣದ ಕವಲು

ದಕ್ಷಿಣ ಇಟಲಿಯ ನೇಪಲ್ಸಿನ ಲಸಾನ್ಯಾ ಬೇರೆಯೇ ಬಗೆಯದು. ಕ್ರೈಸ್ತರ ತಪಸ್ಸುಕಾಲದ ಉಪವಾಸಗಳಿಗೆ ಮುನ್ನ ಬರುವ ಕಾರ್ನಿವಲ್ ಹಬ್ಬದಂದು ಅದನ್ನು ಮಾಡುತ್ತಾರೆ. ಅದರಲ್ಲಿ ಬಿಳಿ ಸಾಸ್ ಇರುವುದಿಲ್ಲ. ಸಣ್ಣ ಮಾಂಸದ ಉಂಡೆಗಳು, ಸಾಸೇಜ್, ಬೇಯಿಸಿದ ಮೊಟ್ಟೆ ಹಾಗೂ ಮೃದುವಾದ ರಿಕೊತ್ತಾ ಇರುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೊದಲ ಮಹಾಯುದ್ಧದವರೆಗೆ ಅಮೆರಿಕಕ್ಕೆ ವಲಸೆಹೋದ ಇಟಲಿಯವರಲ್ಲಿ ಹೆಚ್ಚಿನವರು ದಕ್ಷಿಣದವರು. ಆದ್ದರಿಂದಲೇ ಅಮೆರಿಕದ ಲಸಾನ್ಯಾದಲ್ಲಿ ರಿಕೊತ್ತಾ, ಮೊಜರೆಲ್ಲಾ ಹಾಗೂ ಟೊಮೇಟೊಗಳದೇ ಮೇಲುಗೈ. ನಮ್ಮ ನಗರಗಳ ಹೋಟೆಲುಗಳಲ್ಲಿ ಎಳೆಎಳೆಯಾಗಿ ಹಿಗ್ಗುವ ಚೀಸಿನ ಲಸಾನ್ಯಾ ಸಿಕ್ಕಿದರೆ, ಅದು ಬೊಲೋನ್ಯಾದಿಂದ ಬಂದುದಲ್ಲ, ಈ ವಲಸಿಗರ ದಾರಿಯಲ್ಲಿ ಬಂದುದೆಂದು ತಿಳಿಯಬಹುದು.

ನಾಲ್ಕು ಅಂಗಗಳು

ಬೊಲೋನ್ಯಾದ ಪಾಕಕ್ಕೆ ಹಾಳೆ, ರಗೂ, ಬಿಳಿ ಸಾಸ್, ಚೀಸ್ ಎಂಬ ನಾಲ್ಕು ಅಂಗಗಳು.

ಹಾಳೆಯ ಲೆಕ್ಕ ಸರಳ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ನೀರು ಬೇಡ. ಬೊಲೋನ್ಯಾದಲ್ಲಿ ಉದ್ದನೆಯ ಲಟ್ಟಣಿಗೆಯಿಂದ ಇದನ್ನು ಲಟ್ಟಿಸುವ ಹೆಂಗಸರಿಗೆ ಪ್ರತ್ಯೇಕ ಹೆಸರೂ ಗೌರವವೂ ಉಂಟು. ಹೋಳಿಗೆಗೆ ಕಣಕ ನಾದಿ ನೆನೆಯಲು ಬಿಡುವ ನಮ್ಮವರಿಗೆ ಈ ಕೆಲಸ ಕಷ್ಟವೆನಿಸದು. ಹಾಳೆ ತೆಳುವಾಗಿದ್ದಷ್ಟೂ ಪದರುಗಳು ಹೆಚ್ಚಾಗಿ, ಬಾಯಿಗೆ ಹಗುರವಾಗುತ್ತದೆ.

ರಗೂವಿನ ಗುಟ್ಟಿರುವುದು ಮಸಾಲೆಯಲ್ಲಲ್ಲ, ಹೊತ್ತಿನಲ್ಲಿ. ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೆಂದಾಗ ಮಾಂಸದ ನಾರಿನ ಅಂಶ ಕರಗಿ ಗೊಜ್ಜಿಗೆ ಸಾಂದ್ರತೆ ಬರುತ್ತದೆ, ಹಿಟ್ಟು ಬೆರೆಸುವ ಅಗತ್ಯ ಬೀಳುವುದಿಲ್ಲ. ಹಾಲು ಟೊಮೇಟೊದ ಹುಳಿಯನ್ನು ತಗ್ಗಿಸುತ್ತದೆ.

ಬಿಳಿ ಸಾಸಿಗೆ ಬೆಶಮೆಲ್ ಎಂದು ಹೆಸರು. ಫ್ರಾನ್ಸಿನ ದೊರೆ 14ನೆಯ ಲೂಯಿಯ ಅರಮನೆಯ ಅಧಿಕಾರಿಯಾಗಿದ್ದ ಲೂಯಿ ದ ಬೆಶಮೇಲ್ ಎಂಬಾತನಿಂದ ಆ ಹೆಸರು ಬಂದಿತು. ಬೆಣ್ಣೆಯಲ್ಲಿ ಹುರಿದ ಹಿಟ್ಟು ಹಾಲಿನೊಡನೆ ಕುದಿದಾಗ ಹಿಗ್ಗಿ ಸಾಸನ್ನು ಗಟ್ಟಿಯಾಗಿಸುತ್ತದೆ. ಪದರುಗಳನ್ನು ಒಂದಾಗಿ ಹಿಡಿದಿಡುವುದೂ, ಹಾಳೆಗಳು ಒಣಗದಂತೆ ಕಾಯುವುದೂ ಇದೇ.

ಚೀಸ್ ಎಂದರೆ ಇಲ್ಲಿ ಪಾರ್ಮಿಜಾನೊ ರೆಜ್ಜಾನೊ. ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಹಾಗೂ ಬೊಲೋನ್ಯಾ, ಮಾಂತೊವಾ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಮಾತ್ರ ಇದನ್ನು ತಯಾರಿಸಬಹುದು. ಕನಿಷ್ಠ 12 ತಿಂಗಳು ಮಾಗಿಸಬೇಕು. ನೀರಿನಂಶ ಕಡಿಮೆಯಿರುವುದರಿಂದ ಇದು ಎಳೆಯಾಗಿ ಹಿಗ್ಗುವುದಿಲ್ಲ, ಸಾಸಿನಲ್ಲಿ ಬೆರೆತು ರುಚಿಯನ್ನು ಕೊಡುತ್ತದೆ.

ನಮ್ಮ ಅಡುಗೆಕೋಣೆಯಲ್ಲಿ

ಆರು ಜನರಿಗೆ ಸಾಲುವಷ್ಟು ಲಸಾನ್ಯಾವನ್ನು ಮನೆಯಲ್ಲಿ ಮಾಡುವ ಕ್ರಮ ಹೀಗಿದೆ. ದನದ ಮಾಂಸಕ್ಕೆ ಬದಲಾಗಿ ಇಲ್ಲಿ ಆಡಿನ ಖೀಮಾ ಸೂಚಿಸಿದ್ದೇವೆ. ಅನೇಕ ಮನೆಗಳ ಆಚಾರ ಇದಕ್ಕೆ ಒಂದು ಕಾರಣ. ಅಲ್ಲದೆ ಮಹಾರಾಷ್ಟ್ರದಲ್ಲಿ 2015ರಿಂದ ಹಸುವಿನ ಜೊತೆಗೆ ಎತ್ತು, ಹೋರಿಗಳ ವಧೆಗೂ ಕಾನೂನಿನ ನಿಷೇಧವಿದೆ.

ರಗೂ: ಈರುಳ್ಳಿ, ಗಜ್ಜರಿ, ಸೆಲರಿ ತಲಾ 60 ಗ್ರಾಂ ಸಣ್ಣಗೆ ಹೆಚ್ಚಿ, ಎರಡು ಚಮಚ ಎಣ್ಣೆ ಹಾಗೂ 30 ಗ್ರಾಂ ಬೆಣ್ಣೆಯಲ್ಲಿ ಮಂದ ಉರಿಯಲ್ಲಿ ಬಾಡಿಸಬೇಕು. 500 ಗ್ರಾಂ ಖೀಮಾ ಸೇರಿಸಿ, ನೀರೆಲ್ಲ ಆರಿ ಮಾಂಸ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿಯಬೇಕು. ಈ ಹಂತವನ್ನು ಅವಸರದಲ್ಲಿ ಮುಗಿಸಬಾರದು, ರುಚಿ ಹುಟ್ಟುವುದು ಇಲ್ಲಿಯೇ. ವೈನ್ ಬಳಸುವವರು ಈಗ ಅರ್ಧ ಲೋಟ ಹಾಕಿ ಆವಿಯಾಗಲು ಬಿಡಬಹುದು, ಒಲ್ಲದವರು ಎಲುಬಿನ ಸಾರನ್ನು ಹಾಕಬಹುದು. ಬಳಿಕ 200 ಗ್ರಾಂ ರುಬ್ಬಿದ ಟೊಮೇಟೊ, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ, ಎಲುಬಿನ ಸಾರನ್ನೋ ಬಿಸಿನೀರನ್ನೋ ಆಗಾಗ ಹಾಕುತ್ತ, ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಅರ್ಧ ಲೋಟ ಹಾಲನ್ನು ಕೊನೆಯ ಅರ್ಧ ಗಂಟೆಯಲ್ಲಿ ಸೇರಿಸಿದರೆ ಸಾಕು. ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆಗಳ ಕಡೆ ಕೈ ತಾನಾಗಿ ಹೋಗುತ್ತದೆ. ಅವನ್ನು ಹಾಕಿದರೆ ಒಳ್ಳೆಯ ಖೀಮಾ ಆಗುತ್ತದೆ, ರಗೂ ಆಗುವುದಿಲ್ಲ.

ಹಾಳೆ: 300 ಗ್ರಾಂ ಮೈದಾಹಿಟ್ಟಿಗೆ ಮೂರು ಮೊಟ್ಟೆ ಒಡೆದು ಹಾಕಿ ಹತ್ತು ನಿಮಿಷ ನಾದಿ, ಮುಚ್ಚಿ ಅರ್ಧ ಗಂಟೆ ಬಿಡಬೇಕು. ಹಸಿರು ಹಾಳೆ ಬೇಕಿದ್ದರೆ ಒಂದು ಮೊಟ್ಟೆ ಕಡಿಮೆ ಮಾಡಿ, ಬೇಯಿಸಿ ಚೆನ್ನಾಗಿ ಹಿಂಡಿ ಅರೆದ ಪಾಲಕ್ ಸೇರಿಸಬೇಕು. ಒಂದು ಮಿಲಿಮೀಟರಿಗಿಂತ ದಪ್ಪವಾಗದಂತೆ ಲಟ್ಟಿಸಿ ಕತ್ತರಿಸಿ, ಕುದಿಯುವ ಉಪ್ಪುನೀರಿನಲ್ಲಿ ಒಂದು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ತೆಗೆದು ಬಟ್ಟೆಯ ಮೇಲೆ ಹರಡಬೇಕು. ಅಂಗಡಿಯ ಒಣ ಹಾಳೆಗಳನ್ನು ಬೇಯಿಸದೆ ಬಳಸುವುದಾದರೆ ರಗೂವನ್ನೂ ಸಾಸನ್ನೂ ತುಸು ತೆಳುವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಹಾಳೆ ಅವುಗಳ ನೀರನ್ನೇ ಹೀರಿ ಬೇಯಬೇಕಾಗುತ್ತದೆ.

ಬಿಳಿ ಸಾಸ್: 70 ಗ್ರಾಂ ಬೆಣ್ಣೆ ಕರಗಿಸಿ, 70 ಗ್ರಾಂ ಮೈದಾ ಹಾಕಿ, ಬಣ್ಣ ಬದಲಾಗದಂತೆ ಎರಡು ನಿಮಿಷ ಹುರಿಯಬೇಕು. 750 ಮಿಲಿಲೀಟರ್ ಬಿಸಿಹಾಲನ್ನು ಸ್ವಲ್ಪಸ್ವಲ್ಪವಾಗಿ ಸುರಿದು, ಗಂಟಾಗದಂತೆ ಕದಡುತ್ತ ಕುದಿಸಬೇಕು. ದೋಸೆಹಿಟ್ಟಿನ ಹದಕ್ಕೆ ಬಂದಾಗ ಉಪ್ಪು, ತುರಿದ ಜಾಯಿಕಾಯಿ ಸೇರಿಸಿ ಇಳಿಸಬೇಕು.

ಜೋಡಣೆ: ಸುಮಾರು 30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಆಳವಾದ ಪಾತ್ರೆಗೆ ಬೆಣ್ಣೆ ಸವರಿ, ತಳಕ್ಕೆ ಕೊಂಚ ಬಿಳಿ ಸಾಸ್ ಹರಡಬೇಕು. ಅದರ ಮೇಲೆ ಹಾಳೆ, ರಗೂ, ಬಿಳಿ ಸಾಸ್, ತುರಿದ ಚೀಸ್ ಈ ಕ್ರಮದಲ್ಲಿ ಐದಾರು ಪದರು ಏರಿಸಬೇಕು. ಒಟ್ಟು 120 ಗ್ರಾಂ ಚೀಸ್ ಸಾಕು. ಪ್ರತಿ ಪದರೂ ತೆಳುವಾಗಿರಲಿ, ಕೆಳಗಿನ ಹಾಳೆ ಅಲ್ಲಲ್ಲಿ ಕಂಡರೂ ಬಾಧಕವಿಲ್ಲ. 180 ಡಿಗ್ರಿ ಸೆಲ್ಸಿಯಸ್ ಶಾಖದ ಒವನ್ನಿನಲ್ಲಿ 35 ನಿಮಿಷ ಬೇಯಿಸಿದರೆ ಮೇಲ್ಪದರು ಹೊಂಬಣ್ಣಕ್ಕೆ ಬರುತ್ತದೆ. ಕನ್ವೆಕ್ಷನ್ ಸೌಲಭ್ಯವಿರುವ ಮೈಕ್ರೋವೇವ್ ಆದೀತು, ಸಾಮಾನ್ಯ ಮೈಕ್ರೋವೇವಿನಲ್ಲಿ ಆ ಬಣ್ಣ ಬರುವುದಿಲ್ಲ. ಹೊರತೆಗೆದ ಮೇಲೆ 15 ನಿಮಿಷ ಮುಟ್ಟದೆ ಬಿಡಬೇಕು. ಸಾಸ್ ಗಟ್ಟಿಗೊಂಡರೆ ಮಾತ್ರ ತುಂಡುಗಳು ನೆಟ್ಟಗೆ ನಿಲ್ಲುತ್ತವೆ.

ಸಂಸ್ಕರಿಸಿದ ಚೀಸ್ ಬಳಸುವವರು ಅದರಲ್ಲಿರುವ ಉಪ್ಪನ್ನು ಗಮನಿಸಿ ಬಿಳಿ ಸಾಸಿಗೆ ಉಪ್ಪು ಹಾಕದಿರುವುದು ಲೇಸು. ಮೊಜರೆಲ್ಲಾ ಬಳಸುವುದಾದರೆ ನೀರು ಬಸಿದು, ಮೇಲಿನ ಪದರಿಗಷ್ಟೇ ಹಾಕಬೇಕು. ಬೆಂಗಳೂರಿನಲ್ಲಿಯೂ ವಲ್ಲೊಂಬ್ರೋಸಾ ಪಂಗಡದ ಬೆನೆಡಿಕ್ಟೈನ್ ಸನ್ಯಾಸಿಗಳು ಇಟಲಿಯ ಕ್ರಮದಲ್ಲಿ ಮೊಜರೆಲ್ಲಾ ತಯಾರಿಸಿ ಹೆಸರು ಗಳಿಸಿದ್ದಾರೆ.

ಬಡಿಸುವ ಮುನ್ನ

ನಮ್ಮ ಮನೆಗಳ ಪಂಕ್ತಿಯಲ್ಲಿ ಎಲ್ಲ ಬಗೆಯ ಆಹಾರಪದ್ಧತಿಯವರೂ ಒಟ್ಟಿಗೆ ಕೂರುತ್ತಾರೆ. ಆದುದರಿಂದ ಎರಡು ಮಾತುಗಳನ್ನು ಹೇಳಲೇಬೇಕು. ಲಸಾನ್ಯಾದಲ್ಲಿ ಯಾವ ಮಾಂಸವಿದೆಯೆಂಬುದು ಹೊರಗಿನಿಂದ ಕಾಣುವುದಿಲ್ಲ. ಹೊರಗೆ ತಿನ್ನುವಾಗ ಕೇಳಿ ತಿಳಿಯಬೇಕು, ಮನೆಯಲ್ಲಿ ಬಡಿಸುವಾಗ ಕೇಳದಿದ್ದರೂ ತಿಳಿಸಬೇಕು. ಎರಡನೆಯದಾಗಿ, ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಬಳಸುವುದು ಕರುವಿನ ಜಠರದಿಂದ ತೆಗೆದ ಹೆಪ್ಪು. ಮಾಂಸದ ಬದಲು ತರಕಾರಿ ಹಾಕಿದ ಮಾತ್ರಕ್ಕೆ ಅದು ಶುದ್ಧ ಶಾಕಾಹಾರವಾಗುವುದಿಲ್ಲ. ಶಾಕಾಹಾರಿಗಳಿಗೆಂದು ಮಾಡುವಾಗ ಸೂಕ್ಷ್ಮಜೀವಿಜನ್ಯ ಹೆಪ್ಪಿನಿಂದ ತಯಾರಾದ, ಹಸಿರು ಚುಕ್ಕೆಯಿರುವ ಚೀಸನ್ನೇ ಆರಿಸಬೇಕು. ಹಾಳೆಯಲ್ಲಿ ಮೊಟ್ಟೆಯಿರುವುದನ್ನೂ ಮರೆಯಬಾರದು. ಮೊಟ್ಟೆಯಿಲ್ಲದ ರವೆಯ ಒಣ ಹಾಳೆಗಳು ದೊರೆಯುತ್ತವೆ.

ಮೊದಲು ಕೇಳಿಕೊಂಡ ಪ್ರಶ್ನೆಗೆ ಈಗ ಉತ್ತರಿಸಬಹುದು. ಮಾಂಸ, ವೈನ್, ಚೀಸುಗಳನ್ನು ಮನೆಯ ಆಚಾರಕ್ಕೆ ತಕ್ಕಂತೆ ಬದಲಿಸಿದರೆ ರುಚಿ ವ್ಯತ್ಯಾಸವಾದೀತು, ಆದರೆ ಲಸಾನ್ಯಾ ಲಸಾನ್ಯಾವೇ. ತವರಿನವರೂ ಮಾಂಸವನ್ನೂ ಹಾಲನ್ನೂ ಬದಲಿಸುತ್ತಲೇ ಬಂದಿದ್ದಾರೆ. ಬದಲಿಸಬಾರದವು ತೆಳುವಾದ ಹಾಳೆ, ನಿಧಾನವಾಗಿ ಬೆಂದ ರಗೂ ಮತ್ತು ಹಿತಮಿತವಾದ ಪದರು. ಇವು ದುಡ್ಡು ಕೊಟ್ಟರೆ ಸಿಗುವಂಥವಲ್ಲ, ಸಮಯ ಕೊಟ್ಟರೆ ಮಾತ್ರ ಸಿಗುವಂಥವು. ಉದ್ಯೋಗಸ್ಥ ದಂಪತಿಗಳು ಶನಿವಾರ ಸಂಜೆಯೇ ರಗೂ ಸಿದ್ಧಪಡಿಸಿ ಫ್ರಿಜ್ಜಿನಲ್ಲಿಟ್ಟರೆ, ಭಾನುವಾರ ಹಾಳೆ ಲಟ್ಟಿಸಲು ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಬಹುದು.